ಆಯುಕ್ತರಿಗೆ ಕಣ್ಣುಂಟು, ಕೈಯಿಲ್ಲ



ಸರ್ಕಾರದ ಇಲಾಖೆಯು ಕಿವಿಗೊಡದಿದ್ದಾಗ, ಆ ಇಲಾಖೆಯ ಅಧೀನದಲ್ಲಿಲ್ಲದ ಒಬ್ಬರ ಬಳಿಗೆ ದೂರನ್ನು ಒಯ್ಯುವ ವ್ಯವಸ್ಥೆಯನ್ನು ಸ್ವೀಡನ್ ದೇಶವು 1809ರ ರಾಜ್ಯಾಂಗದಲ್ಲಿ ‘ಒಂಬುಡ್ಸ್‌ಮನ್’ ಎಂಬ ಹೆಸರಿನಿಂದ ರೂಪಿಸಿತು. ನಮ್ಮ ಲೋಕಾಯುಕ್ತರು ಅದೇ ಸಂತತಿಯವರು. ಮಾತೃಭಾಷಾ ಶಿಕ್ಷಣಕ್ಕೂ ಇದನ್ನು ಹೋಲುವ ಹುದ್ದೆಯೊಂದು ಸಂವಿಧಾನದಲ್ಲಿಯೇ ಇದೆಯೆಂಬುದು ನಮ್ಮ ಪೀಳಮೇಡಿನಲ್ಲಿ ಅನೇಕರಿಗೆ ತಿಳಿಯದು.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯ ಕನ್ನಡಿಗರು ಗೆರೆಯ ಈಚೆಗೇ ಉಳಿದರು; ತಲೆಮಾರುಗಳಿಂದ ಇಲ್ಲಿಯೇ ಮಗ್ಗ ಹೂಡಿದ್ದ ದೇವಾಂಗರ ಮನೆಮಾತೂ ಈಚೆಗೇ ಉಳಿಯಿತು. ಗೆರೆಯನ್ನು ಎಲ್ಲಿ ಎಳೆದರೂ ಕೆಲವರು ಹೊರಗುಳಿಯುವರೆಂಬುದನ್ನು ಫಜಲ್ ಅಲಿಯವರ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿಯೇ ಕಂಡುಕೊಂಡಿತ್ತು. ಆದ್ದರಿಂದ 1956ರ ಏಳನೆಯ ತಿದ್ದುಪಡಿಯು ಎರಡು ವಿಧಿಗಳನ್ನು ಸೇರಿಸಿತು. 350ಎ ವಿಧಿಯು ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯವು ಯತ್ನಿಸಬೇಕೆನ್ನುತ್ತದೆ. ‘ಯತ್ನಿಸಬೇಕು’ ಎಂಬ ಪದವನ್ನು ಗಮನಿಸಿ. 350ಬಿ ವಿಧಿಯಂತೆ ರಾಷ್ಟ್ರಪತಿಗಳು ನೇಮಿಸುವ ವಿಶೇಷಾಧಿಕಾರಿಯು ಈ ರಕ್ಷಣೆಗಳನ್ನು ಪರಿಶೀಲಿಸಿ ವರದಿ ಮಾಡುತ್ತಾರೆ. ವರದಿಯು ಸಂಸತ್ತಿನ ಉಭಯ ಸದನಗಳ ಮುಂದೆ ಬರುತ್ತದೆ, ರಾಜ್ಯಗಳಿಗೂ ಹೋಗುತ್ತದೆ.

ಅವರೇ ಭಾಷಾ ಅಲ್ಪಸಂಖ್ಯಾತರ ಆಯುಕ್ತರು. 1957ರಲ್ಲಿ ಈ ಸ್ಥಾನಕ್ಕೆ ಮೊದಲು ಬಂದವರು ಅಲಹಾಬಾದ್ ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ಬಿ. ಮಲಿಕ್, ಕಚೇರಿಯೂ ಬಹುಕಾಲ ಅಲಹಾಬಾದಿನಲ್ಲಿಯೇ ಇತ್ತು. ನ್ಯಾಯಾಧೀಶರನ್ನು ಕೂರಿಸಿದರು, ತೀರ್ಪಿನ ಅಧಿಕಾರವನ್ನು ಮಾತ್ರ ಕೊಡಲಿಲ್ಲ! 2006ರ ಬಳಿಕ ಈ ಕಚೇರಿಯು ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದಡಿ ಬಂದಿತು. ಇಲ್ಲಿ ಪರಿಶೀಲನೆಗೆ ಒಳಗಾಗುವವು ಮುಖ್ಯವಾಗಿ ರಾಜ್ಯ ಸರ್ಕಾರಗಳಾದ್ದರಿಂದ ಸ್ವಾತಂತ್ರ್ಯವು ಪೂರ್ತಿ ಹೋಯಿತೆನ್ನಲಾರೆ; ಆದರೂ ಸಚಿವಾಲಯದ ನೆರಳಿನಲ್ಲಿರುವ ಕಾವಲುಗಾರನ ದನಿ ತಗ್ಗುವುದು ಸಹಜ.

ಹಾಗಾದರೆ ಈ ಹುದ್ದೆಯಿಂದ ಪ್ರಯೋಜನವೇನು? ಒಂದು ಹಳೆಯ ಲೆಕ್ಕವನ್ನು ನೋಡಿ. ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಒಬ್ಬ ಶಿಕ್ಷಕರನ್ನು ಕೊಡಬೇಕೆಂದು 1949ರ ಶಿಕ್ಷಣ ಸಚಿವರ ಸಮ್ಮೇಳನವು ಒಪ್ಪಿತು. ಆದರೆ ಎಣಿಸುವುದು ಹೇಗೆ? ಕನ್ನಡ ಶಿಕ್ಷಕರಿಲ್ಲವೆಂದು ನೀವು ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತೀರಿ; ಮಕ್ಕಳಿಲ್ಲವೆಂದು ಇಲಾಖೆಯು ಶಿಕ್ಷಕರನ್ನು ಕೊಡುವುದಿಲ್ಲ. ಈ ಸುಳಿಯನ್ನು ಮುರಿಯಲೆಂದೇ ಮುಂಗಡ ನೋಂದಣಿ ಪುಸ್ತಕವೆಂಬ ಕ್ರಮ ಬಂದಿತು: ಶಾಲೆ ತೆರೆಯುವ ಮೊದಲೇ ಪೋಷಕರ ಕೋರಿಕೆಯನ್ನು ಬರೆದಿಡುವುದು. ಆಯುಕ್ತರ ವರದಿಗಳು ಈ ಪುಸ್ತಕದ ವಿಷಯವನ್ನು ರಾಜ್ಯಗಳಿಗೆ ಮತ್ತೆ ಮತ್ತೆ ನೆನಪಿಸಿವೆ. ಬರೆಯದ ಬೇಡಿಕೆಯನ್ನು ಯಾವ ಆಯುಕ್ತರೂ ಪರಿಶೀಲಿಸಲಾರರು.

2006ರ ತಮಿಳು ಕಲಿಕಾ ಕಾಯಿದೆಯು ಒಂದನೆಯ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲೇರಿ 2015–16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿದಾಗ, ಅಲ್ಪಸಂಖ್ಯಾತ ಶಾಲೆಗಳ ಮಕ್ಕಳಿಗೆ ವಿನಾಯಿತಿ ದೊರೆತದ್ದು ನ್ಯಾಯಾಲಯದಿಂದ, ಆಯುಕ್ತರಿಂದಲ್ಲ. (ತಮಿಳು ಕಲಿಯಬಾರದೆಂದು ನಾನು ಹೇಳುತ್ತಿಲ್ಲ, ಈ ನೆಲದಲ್ಲಿ ಬಾಳುವವರು ಕಲಿಯಲೇಬೇಕು.) ಆದರೆ ನ್ಯಾಯಾಲಯಕ್ಕೆ ಹೋಗಲು ವಕೀಲರೂ ಹಣವೂ ಬೇಕು, ಆಯುಕ್ತರಿಗೆ ಬರೆಯಲು ಒಂದು ಹಾಳೆ ಸಾಕು. ಅದರಲ್ಲಿ ಶಾಲೆಯ ಹೆಸರು, ತರಗತಿ, ಕನ್ನಡ ಕೇಳುವ ಮಕ್ಕಳ ಸಂಖ್ಯೆ, ಶಾಲೆಗೆ ಕೋರಿಕೆ ಕೊಟ್ಟ ದಿನಾಂಕ, ಬಂದ ಉತ್ತರ ಇವಿಷ್ಟೂ ಇರಲಿ. ಶಾಲೆಗೆ ಕೊಟ್ಟ ಕೋರಿಕೆಯ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಲಗತ್ತಿಸಿರಿ.