ಪೂರ್ವಪಕ್ಷದ ಓಲೆಗಳು: ಕನ್ನಡ ನಾಡಿನ ಬೌದ್ಧ ಗ್ರಂಥಪರಂಪರೆಯ ಶೋಧಕ್ಕೊಂದು ಟಿಪ್ಪಣಿ

ಕನ್ನಡ ನಾಡಿನಲ್ಲಿ ಬೌದ್ಧರ ಶಾಸನಗಳಿವೆ, ವಿಗ್ರಹಗಳಿವೆ, ಸನ್ನತಿ-ಕನಗನಹಳ್ಳಿಯಂಥ ಮಹಾಸ್ತೂಪದ ಅವಶೇಷವೇ ಇದೆ. ತಾಳೆಗರಿಯ ಗ್ರಂಥ ಮಾತ್ರ ಇಲ್ಲ ಎಂಬುದು ನಮ್ಮ ವಿದ್ವತ್ತಿನಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಮಾತು. ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳಿ ಮುಂದೆ ಹೋಗಿಬಿಡುವುದರಿಂದ ಒಂದು ದೊಡ್ಡ ಆಕರ ನಮ್ಮ ಕಣ್ಣೆದುರಿಗೇ ಇದ್ದೂ ಎಣಿಕೆಗೆ ಬಾರದೆ ಹೋಗಿದೆ. ಮೂಡಬಿದಿರೆ, ಕಾರ್ಕಳ, ಶ್ರವಣಬೆಳಗೊಳ, ಹುಂಚಗಳ ಜೈನ ಭಂಡಾರಗಳಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಟ್ಟ ಸಂಸ್ಕೃತ ತರ್ಕಗ್ರಂಥಗಳ ಪೂರ್ವಪಕ್ಷಗಳೇ ಆ ಆಕರ. ಬೌದ್ಧನನ್ನು ಖಂಡಿಸುವುದಕ್ಕಾಗಿ ಜೈನ ಆಚಾರ್ಯನು ಮೊದಲು ಬೌದ್ಧನ ಮಾತನ್ನು ಬರೆದಿಡುತ್ತಾನೆ. ಬರೆದಿಟ್ಟದ್ದು ಉಳಿದಿದೆ.

ಇಂಥ ಟಿಪ್ಪಣಿಯನ್ನು ನಾಗಪುರದ ಪ್ರತಾಪ ನಗರದಲ್ಲಿ ಕುಳಿತು ಬರೆಯುವುದಕ್ಕೆ ಕಾರಣವಿದೆ. ಈ ಬಡಾವಣೆಯಿಂದ ದೀಕ್ಷಾಭೂಮಿ ದೂರವಿಲ್ಲ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಅಲ್ಲಿ ಧಮ್ಮದೀಕ್ಷೆ ಪಡೆದ ಮೇಲೆ ಈ ಊರಿನಲ್ಲಿ ಪಾಲಿ ಓದು ಮನೆಮನೆಯ ಆಸೆಯಾಯಿತು. ಅಂಬೇಡ್ಕರರು ಸ್ವತಃ ಸಿದ್ಧಪಡಿಸಿದ್ದ ಪಾಲಿ ವ್ಯಾಕರಣ ಮತ್ತು ಪಾಲಿ ನಿಘಂಟು ಅವರ ಸಮಗ್ರ ಬರಹಗಳ 16ನೆಯ ಸಂಪುಟವಾಗಿ ಬಂದಿವೆ. ಇಲ್ಲಿನ ಓದುಗರ ಕೈಯಲ್ಲಿರುವ ದೇವನಾಗರಿ ತಿಪಿಟಕ ಭಿಕ್ಷು ಜಗದೀಶ ಕಾಶ್ಯಪರು ನಾಲಂದಾದಿಂದ ಹೊರತಂದದ್ದು. ಅದರ ಬೇರು ಸಿಂಹಳ, ಬರ್ಮಾ, ಸಯಾಮುಗಳ ಓಲೆ ಪರಂಪರೆಯಲ್ಲಿದೆ. ಹಾಗಾದರೆ ದಖ್ಖನಿನ ಬೌದ್ಧರು ಓದಿದ ಓಲೆಗಳು ಎಲ್ಲಿ ಹೋದವು ಎಂಬ ಪ್ರಶ್ನೆ ನಾಗಪುರದಲ್ಲಿ ಹುಟ್ಟುವುದು ಸಹಜ. ಅದಕ್ಕೆ ಉತ್ತರ ಹುಡುಕುವ ದಾರಿಯೂ ವಿದರ್ಭದಿಂದಲೇ ಹಾದುಹೋಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಓಲೆಯ ಆಯುಷ್ಯದ ವಿಚಾರ. ನಮ್ಮ ಮಳೆ, ಸೆಕೆ, ಹುಳುಗಳ ನಡುವೆ ತಾಳೆಗರಿ ಕೆಲವು ಶತಮಾನ ಬಾಳಿದರೆ ಹೆಚ್ಚು. ಓಲೆ ಜೀರ್ಣವಾಗುವ ಮುನ್ನ ಅದನ್ನು ನೋಡಿ ಮತ್ತೊಂದು ಪ್ರತಿ ಮಾಡುವವರು ಬೇಕು, ಮಾಡಿಸುವವರು ಬೇಕು, ಆ ಕವಳಿಗೆಯನ್ನು ಬಿಚ್ಚಿ ಬಿಸಿಲಿಗೆ ಗಾಳಿಗೆ ಹಿಡಿದು ಎಣ್ಣೆ ಸವರಿ ಮತ್ತೆ ಕಟ್ಟಿಡುವವರು ಬೇಕು. ಗ್ರಂಥ ನಾಶವಾಗುವುದಕ್ಕೆ ಬೆಂಕಿಯೇ ಬೇಕಾಗಿಲ್ಲ, ಎರಡು ಮೂರು ತಲೆಮಾರು ಯಾರೂ ನಕಲು ಮಾಡದಿದ್ದರೆ ಸಾಕು. ಜೈನರಲ್ಲಿ ಶಾಸ್ತ್ರದಾನ ಪುಣ್ಯಕಾರ್ಯ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯ ಹಿಂದಿರುವುದು ಈ ನಂಬಿಕೆ. ಶ್ರಾವಕರ ಸಮುದಾಯ ಇಲ್ಲಿ ಎಡೆಬಿಡದೆ ಉಳಿಯಿತು, ಆದ್ದರಿಂದ ಓಲೆಯೂ ಉಳಿಯಿತು. ಬೌದ್ಧ ಸಂಘ ಕರಗಿದಾಗ ಅದರ ಓಲೆಗೆ ವಾರಸುದಾರರಿಲ್ಲದಾಯಿತು. ನೇಪಾಳದ ತಂಪು ಹವೆ ಮತ್ತು ಅಲ್ಲಿನ ನೇವಾರ ಬೌದ್ಧರ ಅಖಂಡ ಪರಂಪರೆ, ಈ ಎರಡೂ ಕೂಡಿದ್ದರಿಂದಲೇ ಪಾಲರ ಕಾಲದ ಪ್ರಜ್ಞಾಪಾರಮಿತಾ ಓಲೆಗಳು ಕಾಠ್ಮಂಡುವಿನಲ್ಲಿ ಇಂದಿಗೂ ಇವೆ. ಹೊರಗಿನವರು ಸುಟ್ಟರು, ಮತಾಂತರದಲ್ಲಿ ನದಿಗೆಸೆದರು ಎಂಬ ಊಹೆಗಳು ನಮ್ಮಲ್ಲಿ ಆಗಾಗ ಕೇಳಿಬರುತ್ತವೆ. ಕನ್ನಡ ನಾಡಿನ ಮಟ್ಟಿಗೆ ಅಂಥ ಊಹೆಯ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಓಲೆಗಳಿದ್ದವು ಎಂಬುದಕ್ಕಾದರೂ ಏನು ಸಾಕ್ಷಿ? ಶಾಸನಗಳ ಸಾಲು ಗಟ್ಟಿಯಾಗಿದೆ. ಕದ್ರಿಯ ಲೋಕೇಶ್ವರ ವಿಗ್ರಹವನ್ನು ಆಳುಪ ಕುಂದವರ್ಮನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿದ್ದು 968ರಲ್ಲಿ. ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯ ವಿಹಾರ ಕಟ್ಟಿಸಿದ್ದು 1065ರಲ್ಲಿ. ಡಂಬಳದ 1095ರ ಶಾಸನ ಅಲ್ಲಿ ಎರಡು ವಿಹಾರಗಳನ್ನು ಹೆಸರಿಸುತ್ತದೆ. ಒಂದನ್ನು ಊರಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ್ದರು, ಇನ್ನೊಂದು ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ಆರ್ಯತಾರಾ ದೇವಿಯ ವಿಹಾರ. ವ್ಯಾಪಾರಿಗಳ ಬೆಂಬಲವಿದ್ದ, ದತ್ತಿಗಳಿದ್ದ, ಭಿಕ್ಷುಗಳು ವಾಸವಿದ್ದ ನೆಲೆಗಳು ಇವು. ಇವುಗಳಿಗಿಂತ ಹೆಚ್ಚು ಕುತೂಹಲದ ಸಾಕ್ಷಿ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ. ಕಾಳಾಮುಖ ಶೈವರ ಆ ಮಠ ಎಂತೆಂಥ ವಿದ್ಯೆಗಳಿಗೆ ಸ್ಥಾನವಾಗಿತ್ತು ಎಂದು ವರ್ಣಿಸುವಾಗ ಅದು ವೇದಗಳನ್ನೂ ವ್ಯಾಕರಣಗಳನ್ನೂ ಹೇಳಿ, ವ್ಯಾಖ್ಯಾನಕ್ಕೊಳಗಾಗುವ ದರ್ಶನಗಳ ಪಟ್ಟಿಯಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧವನ್ನೂ ಸೇರಿಸುತ್ತದೆ. ಶಾಸನದ ಹೊಗಳಿಕೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೂ ಶೈವಮಠವೊಂದು ಬೌದ್ಧ ದರ್ಶನವನ್ನು ತನ್ನ ವಿದ್ಯಾವಿಭವದ ಪಟ್ಟಿಗೆ ಸೇರಿಸಿ ಹೆಮ್ಮೆಪಡುತ್ತಿತ್ತೆಂದರೆ, 12ನೆಯ ಶತಮಾನದ ನಡುವಿನಲ್ಲಿ ಆ ವಿದ್ಯೆ ಇಲ್ಲಿ ಸತ್ತಿರಲಿಲ್ಲ.

ಆದರೂ ಇದೆಲ್ಲ ಪರೋಕ್ಷ ಸಾಕ್ಷಿ. ನೇರ ಸಾಕ್ಷಿ ನನಗೆ ಕಾಣುವುದು ವಾದಿರಾಜಸೂರಿಯಲ್ಲಿ.

ವಾದಿರಾಜ ಚಾಲುಕ್ಯ ಜಯಸಿಂಹ ಜಗದೇಕಮಲ್ಲನ ಕಾಲದವನು. ತನ್ನ ಪಾರ್ಶ್ವನಾಥಚರಿತವನ್ನು 1025ರಲ್ಲಿ ಮುಗಿಸಿದನು. 8ನೆಯ ಶತಮಾನದ ಅಕಲಂಕನ ನ್ಯಾಯವಿನಿಶ್ಚಯಕ್ಕೆ ಅವನು ಬರೆದ ವಿವರಣದ ಮೊದಲ ಸಂಪುಟವನ್ನು ಮಹೇಂದ್ರಕುಮಾರ ನ್ಯಾಯಾಚಾರ್ಯರು ಭಾರತೀಯ ಜ್ಞಾನಪೀಠದಿಂದ 1949ರಲ್ಲಿ ಪ್ರಕಟಿಸಿದರು. ಅದನ್ನು ತೆರೆದರೆ ಧರ್ಮಕೀರ್ತಿಯ ಕಾರಿಕೆಗಳು ಮಾತ್ರವಲ್ಲ, ಧರ್ಮಕೀರ್ತಿಯ ಪ್ರಮಾಣವಾರ್ತಿಕಕ್ಕೆ ಪ್ರಜ್ಞಾಕರಗುಪ್ತನು ಬರೆದ ವಿಸ್ತಾರವಾದ ಅಲಂಕಾರಭಾಷ್ಯದ ವಾಕ್ಯಗಳೂ ಉದ್ದುದ್ದಕ್ಕೆ ಸಿಗುತ್ತವೆ. ಆ ಭಾಷ್ಯದ ಸಂಸ್ಕೃತ ಮೂಲ ಆಧುನಿಕ ಜಗತ್ತಿಗೆ ದೊರೆತದ್ದು ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ವಿಹಾರಗಳಲ್ಲಿ ಓಲೆಗಳನ್ನು ಹುಡುಕಿ ತೆಗೆದ ಮೇಲೆ. ಅದು ಪಾಟ್ನಾದಲ್ಲಿ ಅಚ್ಚಾದದ್ದು 1953ರಲ್ಲಿ. ಹೀಗೆ ಹಿಮಾಲಯದಾಚೆ ಮಾತ್ರ ಉಳಿದಿದ್ದ ಒಂದು ಗ್ರಂಥದ ಭಾಗಗಳು ಚಾಲುಕ್ಯರ ನಾಡಿನ ಜೈನಯತಿಯ ವ್ಯಾಖ್ಯಾನದಲ್ಲಿ ಸಂಸ್ಕೃತದಲ್ಲೇ ಕುಳಿತಿದ್ದವು.

ಇದರಿಂದ ಹೊರಡುವ ತೀರ್ಮಾನ ಸಣ್ಣದಲ್ಲ. ಕಾರಿಕೆಗಳನ್ನು ಬಾಯಿಪಾಠದಿಂದ ಉದ್ಧರಿಸಬಹುದು, ಗುರುವಿನಿಂದ ಕೇಳಿದ್ದನ್ನು ಬರೆಯಬಹುದು. ಪ್ರಜ್ಞಾಕರನ ಭಾಷ್ಯದಂಥ ದಟ್ಟ ಬರಹವನ್ನು ಅಷ್ಟು ವಿಸ್ತಾರವಾಗಿ, ವಾದದ ಅನುಕ್ರಮ ಕೆಡದಂತೆ ಎತ್ತಿಕೊಳ್ಳಬೇಕಾದರೆ ಗ್ರಂಥ ಕಣ್ಣೆದುರಿಗೆ ಇರಬೇಕು. ವಾದಿರಾಜನ ಬಳಿ ಬೌದ್ಧ ಓಲೆಯ ಕಟ್ಟು ಇತ್ತೆಂದೇ ನಾನು ಎಣಿಸುತ್ತೇನೆ. ಅವನ ಕಾಲಕ್ಕೂ ಬಳ್ಳಿಗಾವೆ, ಡಂಬಳಗಳ ವಿಹಾರಗಳ ಕಾಲಕ್ಕೂ ನಡುವೆ ಒಂದು ಜೀವಮಾನದಷ್ಟೇ ಅಂತರ. ಆ ಕಟ್ಟು ಅಂಥ ವಿಹಾರವೊಂದರ ಪ್ರತಿಯಿಂದ ಬಂದಿರಬಹುದು ಎಂದು ಹೇಳುವುದು ಊಹೆಯೇ; ಗ್ರಂಥ ಈ ನಾಡಿನಲ್ಲಿ ಓಡಾಡುತ್ತಿತ್ತು ಎನ್ನುವುದು ಊಹೆಯಲ್ಲ.

ವಾದಿರಾಜ ಒಬ್ಬನೇ ಅಲ್ಲ. ಅಕಲಂಕನ ಅಷ್ಟಶತಿ, ಅದನ್ನು ಒಳಗೊಂಡ ವಿದ್ಯಾನಂದನ ಅಷ್ಟಸಹಸ್ರೀ, ಪ್ರಭಾಚಂದ್ರನ ಪ್ರಮೇಯಕಮಲಮಾರ್ತಂಡ, ಇವೆಲ್ಲ ಬೌದ್ಧರೊಡನೆ ಮುಖಾಮುಖಿಯಾಗಿ ಬೆಳೆದ ಗ್ರಂಥಗಳು. ಆ ವಾಗ್ಯುದ್ಧದ ನೆನಪು ಜನಮನದಲ್ಲಿ ಕಥೆಯಾಗಿಯೂ ನಿಂತಿತು: ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಅಕಲಂಕನು ಬೌದ್ಧರನ್ನು ಗೆದ್ದ, ಘಟದಲ್ಲಿದ್ದ ತಾರೆಯನ್ನು ಸೋಲಿಸಿದ ಪ್ರಸಂಗವಿದೆ. ನಮಗೆ ಮುಖ್ಯ ಆ ಗೆಲುವಿನ ಕಥೆಯಲ್ಲ, ಗೆಲ್ಲುವ ಮುನ್ನ ಎದುರಾಳಿಯ ಮಾತನ್ನು ಪ್ರಾಮಾಣಿಕವಾಗಿ ದಾಖಲಿಸಿದ ಶಿಸ್ತು. ಕನ್ನಡ ನಾಡಿನ ವಿದ್ವತ್ಪರಂಪರೆಯ ಬಗ್ಗೆ ನನಗೆ ತುಂಬ ಗೌರವ ಹುಟ್ಟಿಸುವ ಸಂಗತಿ ಇದು.

ಪೂರ್ವಪಕ್ಷದಿಂದ ಮೂಲವನ್ನು ಹೊರತೆಗೆಯುವುದು ಹೊಸ ವಿಧಾನವೇನಲ್ಲ. ಅಕಲಂಕನ ಸಿದ್ಧಿವಿನಿಶ್ಚಯದ ಮೂಲಪ್ರತಿಯೇ ಉಳಿಯದೆ, ಅನಂತವೀರ್ಯನ ಟೀಕೆಯಿಂದ ಅದನ್ನು ಬಿಡಿಸಿ ಜೋಡಿಸಿದವರು ಮತ್ತೆ ಮಹೇಂದ್ರಕುಮಾರರೇ. ಬೌದ್ಧ ಗ್ರಂಥಗಳ ವಿಷಯದಲ್ಲಿ ಈ ಕೆಲಸಕ್ಕೆ ಕನ್ನಡ ನಾಡು ಬಹಳ ಮೊದಲೇ ಕೈಹಾಕಿತ್ತು. ಕನ್ನಡ ಕವಿರಾಜಮಾರ್ಗವನ್ನು 1898ರಲ್ಲಿ ಸಂಪಾದಿಸಿದ ಕೆ. ಬಿ. ಪಾಠಕರು ದಿಗಂಬರ ಗ್ರಂಥಗಳ ಉಲ್ಲೇಖಗಳನ್ನು ಹಿಡಿದು ಧರ್ಮಕೀರ್ತಿ, ಕುಮಾರಿಲರ ಕಾಲನಿರ್ಣಯಕ್ಕೆ ತೊಡಗಿದ್ದರು. ಮೈಸೂರಿನ ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು ದಿಙ್ನಾಗನ ಪ್ರಮಾಣಸಮುಚ್ಚಯದ ಮೊದಲ ಅಧ್ಯಾಯವನ್ನು ಟಿಬೆಟನ್ ಅನುವಾದದಿಂದ ಸಂಸ್ಕೃತಕ್ಕೆ ಮರಳಿಸಿ 1930ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟಿಸಿದರು. ಮುಂದೆ ಮೋಕ್ಷಾಕರಗುಪ್ತನ ತರ್ಕಭಾಷೆಯನ್ನೂ ಜಿತಾರಿಯ ವಾದಸ್ಥಾನವನ್ನೂ ಅವರೇ ಸಂಪಾದಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳ ಹೆಸರು ನಮ್ಮ ಶಾಲಾಮಕ್ಕಳಿಗೂ ಗೊತ್ತು. ರಂಗಸ್ವಾಮಿ ಅಯ್ಯಂಗಾರ್ಯರ ಹೆಸರು ವಿದ್ವಾಂಸರ ವಲಯದಲ್ಲೂ ಅಪರೂಪಕ್ಕೆ ಕೇಳುತ್ತದೆ. ಇದು ನ್ಯಾಯವಲ್ಲ.

ಇನ್ನು ವಿದರ್ಭದ ದಾರಿ. ರಾಯಬಹದ್ದೂರ್ ಹೀರಾಲಾಲರು ಮಧ್ಯಪ್ರಾಂತ ಮತ್ತು ಬೇರಾರಿನ ಸಂಸ್ಕೃತ-ಪ್ರಾಕೃತ ಹಸ್ತಪ್ರತಿಗಳ ಸೂಚಿಯನ್ನು ನಾಗಪುರದಿಂದ 1926ರಲ್ಲಿ ಹೊರತಂದರು. ಕಾರಂಜಾದ ಜೈನ ಭಂಡಾರಗಳ ಸಂಪತ್ತು ಅದರಿಂದ ಹೊರಜಗತ್ತಿಗೆ ತಿಳಿಯಿತು. ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಕುಳಿತು ಅಪಭ್ರಂಶದಲ್ಲಿ ಬರೆದ ಪುಷ್ಪದಂತನ ಕಾವ್ಯಗಳ ಪ್ರತಿಗಳು ಅಲ್ಲಿದ್ದವು. ಅವುಗಳಲ್ಲೊಂದಾದ ಜಸಹರಚರಿಉವನ್ನು ಸಂಪಾದಿಸಿದ ಪಿ. ಎಲ್. ವೈದ್ಯರೇ ಮುಂದೆ ದರ್ಭಂಗಾದಿಂದ ಬೌದ್ಧ ಸಂಸ್ಕೃತ ಗ್ರಂಥಮಾಲೆಯನ್ನು ನಡೆಸಿದರು. ಪುಷ್ಪದಂತನ ಣಾಯಕುಮಾರಚರಿಉವನ್ನು ಸಂಪಾದಿಸಿದ ಪ್ರಾಧ್ಯಾಪಕ ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಧವಲಾ ಟೀಕೆಯೊಡನೆ ಷಟ್ಖಂಡಾಗಮವನ್ನು ಪ್ರಕಟಿಸತೊಡಗಿ 1958ರ ಹೊತ್ತಿಗೆ 16 ಸಂಪುಟಗಳಲ್ಲಿ ಮುಗಿಸಿದರು. ಆ ಗ್ರಂಥದ ಪ್ರಾಚೀನ ಓಲೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಇದ್ದವು. ಹೊಯ್ಸಳರ ಕಾಲದವು, ಹಳಗನ್ನಡ ಲಿಪಿಯವು. 19ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ನಕಲು ಕಾರ್ಯದ ಫಲವಾಗಿ ಪ್ರತಿಗಳು ಉತ್ತರಕ್ಕೆ ಹೋಗಿ, ಅಲ್ಲಿಂದ ವಿದರ್ಭಕ್ಕೆ ಬಂದಿದ್ದವು. ಬೆಳಗಾವಿ ಜಿಲ್ಲೆ ಸದಲಗದ ಆ. ನೇ. ಉಪಾಧ್ಯೇಯರು ಈ ಸಂಪಾದನೆಗೆ ಹೆಗಲು ಕೊಟ್ಟರು. ಕನ್ನಡ ಲಿಪಿಯ ಓಲೆ, ಪ್ರಾಕೃತ ಭಾಷೆ, ವಿದರ್ಭದ ಅಚ್ಚು: ಇಂಥದೊಂದು ಸಹಕಾರ ಬೌದ್ಧ ಪೂರ್ವಪಕ್ಷಗಳಿಗಾಗಿ ಯಾಕೆ ಆಗಬಾರದು?

ಅಡಚಣೆ ಇರುವುದು ಸೂಚಿಗಳಲ್ಲಿ. ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚೀ ಮಹತ್ತ್ವದ ಕೆಲಸ. ಅದಿಲ್ಲದೆ ಕರಾವಳಿಯ ಜೈನ ಭಂಡಾರಗಳಲ್ಲಿ ಹೆಜ್ಜೆಯಿಡುವುದೇ ಕಷ್ಟ. ಆದರೆ ಗ್ರಂಥಸೂಚಿ ಎಂದರೆ ಗ್ರಂಥದ ಹೆಸರು, ಕರ್ತೃ, ಭಾಷೆ, ವಿಷಯ, ಗರಿಗಳ ಸಂಖ್ಯೆ. ಅಷ್ಟಸಹಸ್ರೀ ‘ಜೈನ ನ್ಯಾಯ’ ಎಂಬ ತಲೆಬರಹದಡಿ ದಾಖಲಾಗುತ್ತದೆ, ಅದರೊಳಗಿನ ಧರ್ಮಕೀರ್ತಿ ಯಾವ ಕಲಮಿಗೂ ಸೇರುವುದಿಲ್ಲ. ‘ಬೌದ್ಧ’ ಎಂದು ಹುಡುಕುವ ಸಂಶೋಧಕನಿಗೆ ಏನೂ ಸಿಗುವುದಿಲ್ಲ. ಅವನು ‘ಇಲ್ಲ’ ಎಂದು ಬರೆಯುತ್ತಾನೆ. ಆ ‘ಇಲ್ಲ’ ಮುಂದಿನ ಪ್ರಬಂಧಗಳಲ್ಲಿ ಆಧಾರವಾಗುತ್ತದೆ. ಇಂದಿನ ಡಿಜಿಟಲೀಕರಣವೂ ಹಳೆಯ ತಲೆಬರಹಗಳನ್ನೇ ಹೊತ್ತು ಸಾಗುತ್ತಿದೆ.

ಉದ್ಧರಣೆಗಳನ್ನು ಕಣ್ಣುಮುಚ್ಚಿ ನಂಬಲಾಗದು. ಒಬ್ಬ ಜೈನ ಲೇಖಕನು ಹಿಂದಿನ ಜೈನ ಲೇಖಕನಿಂದಲೇ ಬೌದ್ಧ ವಾಕ್ಯವನ್ನು ಎತ್ತಿಕೊಂಡಿರುವುದು ಉಂಟು. ಆಗ ಅದು ಬೌದ್ಧ ಓಲೆಯ ಸಾಕ್ಷಿಯಲ್ಲ. ಸಾಲು ಉದ್ದವಾಗಿದೆಯೇ, ಮೂಲದ ಕ್ರಮವನ್ನು ಅನುಸರಿಸಿದೆಯೇ, ಹಿಂದಿನ ಖಂಡನಗ್ರಂಥಗಳಲ್ಲಿ ಇಲ್ಲದ್ದೇ ಎಂದು ನೋಡಬೇಕು. ಪ್ರತಿಕಾರನ ತಪ್ಪುಗಳನ್ನೂ ಬೇರ್ಪಡಿಸಬೇಕು: ಕನ್ನಡ ಲಿಪಿಯಲ್ಲಿ ದ-ಧ, ಪ-ಷ ಒಂದಕ್ಕೊಂದು ಹತ್ತಿರ, ಓಲೆಯ ಗೀರು ಮಾಸಿದಾಗ ಇನ್ನೂ ಹತ್ತಿರ. ನಾಗರಿಯಲ್ಲಿ ಅಚ್ಚಾದ ಪುಸ್ತಕ ಮಾತ್ರ ನೋಡಿದವರಿಗೆ ಈ ಗೊಂದಲ ಕಾಣುವುದಿಲ್ಲ. ಆದ್ದರಿಂದ ಹಳಗನ್ನಡ ಲಿಪಿ ಬಲ್ಲವರಿಲ್ಲದೆ ಈ ಕೆಲಸ ಸಾಗದು. ಮತ್ತೊಂದು ಕಡೆ ಟಿಬೆಟನ್ ಅನುವಾದದೊಡನೆ ತಾಳೆ ನೋಡಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ: ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಸೇರಾ ವಿಹಾರದಲ್ಲಿ ಪ್ರಮಾಣವಾರ್ತಿಕ ಇಂದಿಗೂ ಭಿಕ್ಷುಗಳ ಪಠ್ಯ, ದಿನನಿತ್ಯದ ವಾದಾಭ್ಯಾಸದ ವಸ್ತು.

ಆಗಬೇಕಾದದ್ದು ಇಷ್ಟು. ಕನ್ನಡ ಲಿಪಿಯ ಜೈನ ತರ್ಕಗ್ರಂಥಗಳ ಓಲೆಗಳಲ್ಲಿರುವ ಬೌದ್ಧ ಉದ್ಧರಣೆಗಳಿಗೆ ಗರಿ, ಪುಟ, ಸಾಲುಗಳ ಲೆಕ್ಕದಲ್ಲಿ ಒಂದು ಸೂಚಿ. ಅದನ್ನು ವಾದಿರಾಜನ ವಿವರಣದಿಂದ ಆರಂಭಿಸುವುದು ಸೂಕ್ತ, ಅಚ್ಚಾದ ಪ್ರಜ್ಞಾಕರನ ಭಾಷ್ಯ ಹೋಲಿಕೆಗೆ ಸಿದ್ಧವಿರುವುದರಿಂದ. ನಾಗಪುರ ವಿಶ್ವವಿದ್ಯಾಲಯದ ಪಾಲಿ-ಪ್ರಾಕೃತ ವಿಭಾಗದ ವಿದ್ಯಾರ್ಥಿಗಳೂ ಮೈಸೂರು, ಧಾರವಾಡ, ಹಂಪಿಗಳ ಹಸ್ತಪ್ರತಿ ಅಭ್ಯಾಸಿಗಳೂ ಭಂಡಾರಗಳ ಭಟ್ಟಾರಕರ ಅನುಮತಿ ಪಡೆದು ಕೂಡಿ ಕೂತರೆ ಇದು ಆಗುವ ಕೆಲಸ. ಮೂಡಬಿದಿರೆಯ ಓಲೆಗಳನ್ನು ಓದಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಇದಕ್ಕೆ ಕೈಹಾಕಬೇಕೆಂದು ಎರಡೂ ಕಡೆಯ ಸಂಶೋಧಕರಲ್ಲಿ ನನ್ನ ವಿನಂತಿ.