ನೆಟ್ಟಗೆ ಮೇಲಕ್ಕೆ ಎಸೆದ ಚೆಂಡು

1893ರ ಮಾರ್ಚ್ ತಿಂಗಳು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಮಿತ್ ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗಿಯರಿಗೂ ಎರಡನೆಯ ವರ್ಷದವರಿಗೂ ಬ್ಯಾಸ್ಕೆಟ್‌ಬಾಲ್ ಪಂದ್ಯ. ಅಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಸೆಂಡಾ ಬೆರೆನ್ಸನ್ ತಾವೇ ಆಟ ನಡೆಸಲು ನಡುವೆ ನಿಂತರು, ಚೆಂಡನ್ನು ಮೇಲಕ್ಕೆ ಎಸೆದರು. ಎಸೆದ ಕೈ ಹೋಗಿ, ಚೆಂಡಿಗಾಗಿ ಚಾಚಿದ್ದ ಹುಡುಗಿಯೊಬ್ಬಳ ಕೈಗೆ ಬಡಿಯಿತು. ಅವಳ ಭುಜದ ಕೀಲು ತಪ್ಪಿತು. ಅವಳನ್ನು ಕಚೇರಿಗೆ ಕರೆದೊಯ್ದು ಕೀಲು ಕೂಡಿಸಿದರು. ಆ ಜಾಗಕ್ಕೆ ಇನ್ನೊಬ್ಬಳು ಬಂದಳು, ಆಟ ಮುಂದುವರಿಯಿತು.

ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಚರಿತ್ರೆಯ ಆರಂಭದ ಪುಟದಲ್ಲೇ ಹೀಗೆ ಜಂಪ್ ಬಾಲ್ (ಎದುರಾಳಿಗಳಿಬ್ಬರು ಜಿಗಿದು ತಟ್ಟಲೆಂದು ಮೇಲಕ್ಕೆ ಎಸೆಯುವ ಚೆಂಡು) ಎಸೆಯುವವರ ಕಷ್ಟ ದಾಖಲಾಗಿದೆ. ಗ್ಯಾಲರಿಯಲ್ಲಿ ಕುಳಿತವರಿಗೆ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವ ಕೆಲಸ. ಎಸೆಯುವವರಿಗೆ ಮಾತ್ರ ಇಡೀ ಪಂದ್ಯದಲ್ಲಿ ತಮ್ಮ ಕೈಯಿಂದಲೇ ಚೆಂಡು ಆಟಕ್ಕೆ ಇಳಿಯುವ ಕ್ಷಣ ಅದು. ಅಂಗುಲದಷ್ಟು ಅತ್ತ ವಾಲಿದರೆ ಒಂದು ತಂಡಕ್ಕೆ ಅನ್ಯಾಯ, ಇತ್ತ ವಾಲಿದರೆ ಇನ್ನೊಂದಕ್ಕೆ.

ಈ ಪದ್ಧತಿ ಹುಟ್ಟಿದ್ದು ಜಗಳ ತಪ್ಪಿಸುವುದಕ್ಕೆ. 1891ರ ಡಿಸೆಂಬರಿನಲ್ಲಿ, ಅದೇ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಹೊಸ ಆಟವೊಂದನ್ನು ಕಟ್ಟುತ್ತಿದ್ದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವಂತಿರಬೇಕು, ಮೈಗೆ ಮೈ ತಾಗಿಸುವ ಒರಟುತನ ಇರಬಾರದು. ಸರಿ, ಆಟ ಶುರುವಾಗುವುದು ಹೇಗೆ? ಚೆಂಡನ್ನು ನಡುವೆ ಇಟ್ಟು ಎರಡೂ ಕಡೆಯವರನ್ನು ಓಡಿಬರಲು ಬಿಟ್ಟರೆ ಡಿಕ್ಕಿ ಖಂಡಿತ. ರಗ್ಬಿಯಲ್ಲಿರುವಂತೆ ಎರಡು ಸಾಲುಗಳ ನಡುವೆ ಎಸೆದರೆ ನೂಕುನುಗ್ಗಲು. ಹಾಗಾದರೆ ಒಂದೊಂದು ತಂಡದಿಂದ ಒಬ್ಬೊಬ್ಬನನ್ನೇ ಕರೆದು, ಇಬ್ಬರ ನಡುವೆ ಚೆಂಡು ಎಸೆದರೆ? ಇಬ್ಬರೇ ಇದ್ದಲ್ಲಿ ಒರಟಾಟಕ್ಕೆ ಎಲ್ಲಿಯ ಅವಕಾಶ ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕ ಎಷ್ಟು ತಪ್ಪಿತ್ತೆಂಬುದನ್ನು ಮುಂದೆ ಅವರೇ ಒಪ್ಪಿಕೊಂಡರು.

ಸುಮಾರು ನಾಲ್ಕೂವರೆ ದಶಕ ಕಾಲ, ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಆಟಗಾರರು ಮತ್ತೆ ನಡುವಿನ ವೃತ್ತಕ್ಕೆ ಬರಬೇಕಿತ್ತು. ಪ್ರತಿ ಗೋಲಿನ ಬಳಿಕವೂ ಒಂದು ಜಂಪ್ ಬಾಲ್. ಕಾಲೇಜಾಗಲಿ ಹೈಸ್ಕೂಲಾಗಲಿ, ಎತ್ತರದ ಸೆಂಟರ್ ಇದ್ದ ತಂಡಕ್ಕೆ ಅದು ಕೊಡುಗೈ ದಾನ: ಗೋಲು ಹೊಡೆದವರಿಗೇ ಚೆಂಡು ಮತ್ತೆ ಸಿಗುತ್ತಿತ್ತು. ಜಿಗಿಯುವವರ ತಳ್ಳಾಟ ತಡೆಯಲು ಒಂದು ಕಾಲಕ್ಕೆ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಜಿಗಿಯಬೇಕೆಂಬ ನಿಯಮವೂ ಇತ್ತು. ಒಂದೇ ಸಂಜೆಯಲ್ಲಿ ಹತ್ತಾರು ಸಲ ಚೆಂಡನ್ನು ಒಂದೇ ಎತ್ತರಕ್ಕೆ, ಒಂದೇ ನೇರಕ್ಕೆ ಎಸೆಯುವುದೆಂದರೆ ಅದು ನಿಜಕ್ಕೂ ಒಂದು ಕಸುಬು. ಆ ಕಾಲದ ರೆಫರಿಗಳಿಗೆ ಅಭ್ಯಾಸದ ಕೊರತೆಯಂತೂ ಇರಲಿಲ್ಲ.

ಬದಲಾವಣೆಯ ಗಾಳಿ ಬೀಸಿದ್ದು ಅಮೆರಿಕದ ಪಶ್ಚಿಮ ಕರಾವಳಿಯಿಂದ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೋಚ್ ಸ್ಯಾಮ್ ಬ್ಯಾರಿ, ಸ್ಟ್ಯಾನ್‌ಫರ್ಡಿನ ಕೋಚ್ ಜಾನ್ ಬನ್ ಇಬ್ಬರೂ ಗೋಲಿನ ನಂತರದ ಜಂಪ್ ಬಾಲ್ ಬೇಡವೆಂದು ಪಟ್ಟು ಹಿಡಿದರು. ಬನ್ ಕ್ಯಾನ್ಸಸ್‌ನಲ್ಲಿ ಸ್ವತಃ ನೈಸ್ಮಿತ್ ಅವರ ವಿದ್ಯಾರ್ಥಿಯಾಗಿದ್ದವರು. ಗುರುವಿಗೆ ಈ ಸುಧಾರಣೆ ಹಿಡಿಸಲಿಲ್ಲ. ಗೋಲು ಬಿಟ್ಟುಕೊಟ್ಟವರಿಗೆ ಚೆಂಡನ್ನು ಸುಮ್ಮನೆ ಕೊಟ್ಟುಬಿಡುವುದು ಅವರಿಗೆ ನ್ಯಾಯವೆನಿಸಲಿಲ್ಲ. ಆದರೂ 1937-38ರ ಹಂಗಾಮಿನಲ್ಲಿ ನಿಯಮ ಬದಲಾಯಿತು. ಗೋಲು ಬಿದ್ದ ಕೂಡಲೇ ಎದುರು ತಂಡ ಬುಟ್ಟಿಯ ಹಿಂದಿನ ಗೆರೆಯಿಂದ ಚೆಂಡು ಎಸೆದು ಓಡತೊಡಗಿತು. ಇಂದು ನಾವು ನೋಡುವ ವೇಗದ ಆಟ ಅಂದೇ ಶುರುವಾಯಿತೆಂದರೆ ಅತಿಶಯವಲ್ಲ. ನೈಸ್ಮಿತ್ ತೀರಿಕೊಂಡದ್ದು 1939ರ ನವೆಂಬರಿನಲ್ಲಿ. ತಮ್ಮ ಆಟ ಹೀಗೆ ಓಟ ಕಿತ್ತದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಆದರೆ ಜಂಪ್ ಬಾಲ್ ಪೂರ್ತಿ ಹೋಗಲಿಲ್ಲ. ಪಂದ್ಯದ ಆರಂಭಕ್ಕೆ ಉಳಿಯಿತು. ಎದುರಾಳಿಗಳಿಬ್ಬರೂ ಚೆಂಡನ್ನು ಗಟ್ಟಿಯಾಗಿ ಹಿಡಿದು ಬಿಡದೆ ಹೋದಾಗ, ಅಂದರೆ ಹೆಲ್ಡ್ ಬಾಲ್ ಆದಾಗಲೂ ಉಳಿಯಿತು. ಅಂಕಣದ ಮೂರು ವೃತ್ತಗಳಲ್ಲಿ ಹತ್ತಿರದ್ದಕ್ಕೆ ಇಬ್ಬರನ್ನೂ ಕರೆದು ಎಸೆಯುತ್ತಿದ್ದರು. ಕುಳ್ಳ ಗಾರ್ಡ್ ಒಬ್ಬ ಜೀವ ಒತ್ತೆಯಿಟ್ಟು ಎತ್ತರದ ಸೆಂಟರಿನ ಕೈಯಲ್ಲಿದ್ದ ಚೆಂಡನ್ನು ಹಿಡಿದುಕೊಂಡರೂ, ಕಡೆಗೆ ಜಿಗಿಯಬೇಕಾದದ್ದು ಅದೇ ಸೆಂಟರಿನ ಎದುರು.

ಎತ್ತರದ ಈ ಅಂತರವನ್ನೇ ಅಸ್ತ್ರ ಮಾಡಿಕೊಂಡ ಕೋಚ್ ಒಬ್ಬರಿದ್ದರು. 1957ರ ಮಾರ್ಚ್ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಕಾಲೇಜು ಚಾಂಪಿಯನ್‌ಷಿಪ್‌ನ ಫೈನಲ್. ಕ್ಯಾನ್ಸಸ್ ತಂಡದಲ್ಲಿ 7 ಅಡಿ ಮೀರಿದ ವಿಲ್ಟ್ ಚೇಂಬರ್ಲಿನ್. ನಾರ್ತ್ ಕ್ಯಾರೊಲೈನಾದ ಕೋಚ್ ಫ್ರಾಂಕ್ ಮೆಗ್ವೈರ್ ಆ ಆಳಿನ ಎದುರು ಜಿಗಿಯಲು ಕಳಿಸಿದ್ದು 6 ಅಡಿಯೂ ಇಲ್ಲದ ಟಾಮಿ ಕರ್ನ್ಸ್‌ನನ್ನು. ಆ ಚೆಂಡು ಕರ್ನ್ಸ್‌ಗೆ ಸಿಗುವ ಮಾತೇ ಇರಲಿಲ್ಲ. ಚೇಂಬರ್ಲಿನ್ ಮನಸ್ಸು ಕಲಕುವುದಷ್ಟೇ ಮೆಗ್ವೈರ್ ಉದ್ದೇಶ. ಮೂರು ಹೆಚ್ಚುವರಿ ಅವಧಿ ಆಡಿದ ಮೇಲೆ ನಾರ್ತ್ ಕ್ಯಾರೊಲೈನಾ 54-53ರಿಂದ ಗೆದ್ದಿತು.

1980ರ ದಶಕ ಶುರುವಾಗುತ್ತಿದ್ದಂತೆ ಅಮೆರಿಕದ ಕಾಲೇಜು, ಹೈಸ್ಕೂಲು ಆಟಗಳಲ್ಲಿ ರೆಫರಿಯ ಕೈಯ ಕೆಲಸವನ್ನು ಒಂದು ಬಾಣ ವಹಿಸಿಕೊಂಡಿತು. ಸ್ಕೋರು ಬರೆಯುವವರ ಮೇಜಿನ ಮೇಲಿನ ಆ ಬಾಣ ಮುಂದಿನ ಸರದಿ ಯಾರದೆಂದು ತೋರಿಸುತ್ತದೆ. ಆರಂಭದ ಜಂಪ್ ಬಾಲಿನಲ್ಲಿ ಚೆಂಡು ಸಿಗದ ತಂಡದ ಕಡೆಗೆ ಬಾಣ ತಿರುಗುತ್ತದೆ; ಮೊದಲ ಹೆಲ್ಡ್ ಬಾಲ್ ಅವರದು. ಅವರು ಚೆಂಡು ಎಸೆದು ಮುಗಿಸಿದ ಮೇಲೆ ಬಾಣ ಇನ್ನೊಂದು ತಂಡದತ್ತ ತಿರುಗುತ್ತದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾ ಈ ಪದ್ಧತಿಗೆ ಬಂದದ್ದು 2003ರಲ್ಲಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಮಾತ್ರ ಹೆಲ್ಡ್ ಬಾಲಿಗೆ ಇಂದಿಗೂ ಆಟಗಾರರನ್ನು ಜಿಗಿಸುತ್ತದೆ.

ಭಾರತದ ಅಂಕಣಗಳಲ್ಲೂ ಈಗ ನಡೆಯುವುದು ಫೀಬಾದ ಬಾಣವೇ. ಆದರೆ ದಕ್ಷಿಣ ಭಾರತಕ್ಕೂ ಆ ಸ್ಪ್ರಿಂಗ್‌ಫೀಲ್ಡಿಗೂ ಅದಕ್ಕಿಂತ ಹಳೆಯ ನಂಟಿದೆ. 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಹ್ಯಾರಿ ಕ್ರೋ ಬಕ್ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಕಲಿತು ಬಂದವರು.

ಅಮೆರಿಕದ ಹೈಸ್ಕೂಲು ಪಂದ್ಯದಲ್ಲಿ ಇಂದು ರೆಫರಿ ಚೆಂಡು ಎಸೆಯುವುದು ಒಮ್ಮೆ ಮಾತ್ರ. ಪಂದ್ಯ ಸಮವಾದರೆ ಪ್ರತಿ ಹೆಚ್ಚುವರಿ ಅವಧಿಗೆ ಮತ್ತೊಮ್ಮೆ. ಕಷ್ಟವಿರುವುದೂ ಇಲ್ಲೇ. ಹಿಂದಿನವರು ಒಂದು ಸಂಜೆಯಲ್ಲಿ ಮಾಡುತ್ತಿದ್ದಷ್ಟು ಅಭ್ಯಾಸ ಇಂದಿನವರಿಗೆ ಎಷ್ಟೋ ಪಂದ್ಯಗಳಲ್ಲೂ ಆಗುವುದಿಲ್ಲ. ಹದಿನಾರು ಹದಿನೇಳು ವರ್ಷದ ಎತ್ತರದ ಹುಡುಗರಿಬ್ಬರು ಆತುರದಿಂದ ಮಂಡಿ ಬಗ್ಗಿಸಿ ನಿಂತಿರುತ್ತಾರೆ. ಅವರ ನಡುವೆ ಕಾಲಿಡುವ ರೆಫರಿ ಸೀಟಿಯನ್ನು ಬಾಯಿಂದ ತೆಗೆದಿರುತ್ತಾರೆ. ಮೇಲೇಳುವ ಮೊಣಕೈ ಸೀಟಿಗೆ ಬಡಿದರೆ ಹಲ್ಲು ಉಳಿಯುವುದಿಲ್ಲ. ಚೆಂಡು ಇಬ್ಬರ ಜಿಗಿತಕ್ಕಿಂತಲೂ ಮೇಲೆ ಹೋಗಿ ನಡುವೆಯೇ ಇಳಿಯಬೇಕು. ಚೆಂಡು ತನ್ನ ಎತ್ತರದ ತುದಿ ಮುಟ್ಟುವ ಮುನ್ನ ಯಾರೂ ತಟ್ಟುವಂತಿಲ್ಲ, ಜಿಗಿಯುವ ಇಬ್ಬರೂ ತಾವೇ ಅದನ್ನು ಹಿಡಿಯುವಂತಿಲ್ಲ, ಒಬ್ಬರಿಗೆ ಎರಡೇ ತಟ್ಟು. ಎಸೆತ ವಾಲಿತೋ ಇಲ್ಲವೋ ಎಂದು ಎಸೆದವರಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ದೂರದಲ್ಲಿ ನಿಂತ ಜೊತೆಗಾರ ಅಂಪೈರ್ ನೋಡುತ್ತಿರುತ್ತಾರೆ. ವಾಲಿದರೆ ಸೀಟಿ ಊದಿ ಮತ್ತೆ ಎಸೆಯಿರಿ ಎನ್ನಬೇಕು. ತುಂಬಿದ ಸಭಾಂಗಣದ ಎದುರು ಜೊತೆಗಾರನ ತಪ್ಪನ್ನು ಹಾಗೆ ತಿದ್ದಲು ಧೈರ್ಯ ಬೇಕು, ಅದನ್ನು ಕೆಡುಕೆನಿಸಿಕೊಳ್ಳದೆ ಮತ್ತೆ ಎಸೆಯಲು ದೊಡ್ಡ ಮನಸ್ಸು ಬೇಕು.

ಆಮೇಲೆ, ಹೆಚ್ಚುವರಿ ಅವಧಿ ಬರದಿದ್ದರೆ, ಪಂದ್ಯವಿಡೀ ಯಾರೂ ಜಂಪ್ ಬಾಲಿಗೆ ಜಿಗಿಯುವುದಿಲ್ಲ. ಇಬ್ಬರು ಆಟಗಾರರು ಚೆಂಡಿಗೆ ಜೋತುಬಿದ್ದಾಗ ರೆಫರಿ ಸೀಟಿ ಊದಿ, ಜಂಪ್ ಬಾಲಿನ ಕಾಲದಂತೆಯೇ ಎರಡೂ ಹೆಬ್ಬೆರಳನ್ನು ಮೇಲಕ್ಕೆ ತೋರಿಸುತ್ತಾರೆ. ಬಳಿಕ ಮೇಜಿನತ್ತ ಕಣ್ಣು ಹಾಯಿಸಿ, ಬಾಣ ಎತ್ತ ತಿರುಗಿದೆಯೋ ಅತ್ತ ಕೈ ಚಾಚುತ್ತಾರೆ.