ಮುಟುರು ಒಂದು, ನಂಜಾಣು ಹಲವು: ಟೊಮೆಟೊ ವೈರಸ್‌ಗಳ ಗುರುತಿಸುವಿಕೆ

ಪೀಠಿಕೆ

ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಟೊಮೆಟೊ ಎಲೆ ಮಡಚಿ, ಗಿಡ ಗಿಡ್ಡಾಗಿ, ಹೂ ಉದುರಿದರೆ ರೈತರು ‘ಮುಟುರು ಬಂತು’ ಎನ್ನುತ್ತಾರೆ. ಮೆಣಸಿನ ಗಿಡಕ್ಕೂ ಅದೇ ಮಾತು. ಆದರೆ ಮೆಣಸಿನ ಎಲೆ ನುಸಿ, ಥ್ರಿಪ್ಸ್‌ಗಳಿಂದಲೂ ಮುಟುರುತ್ತದೆ; ಟೊಮೆಟೊದ ಮುಟುರಿಗೆ ಮುಖ್ಯ ಕಾರಣ ಬಿಳಿ ನೊಣ ಹರಡುವ, ವೃತ್ತಾಕಾರದ ಡಿಎನ್‌ಎ ಇರುವ ಬೆಗೊಮೊವೈರಸ್‌ಗಳು. ಲಕ್ಷಣ ನೋಡಿ ರೋಗವನ್ನು ಹೆಸರಿಸಬಹುದು, ವೈರಸ್ಸನ್ನು ಹೆಸರಿಸಲಾಗದು ಎಂಬುದು ಈ ಲೇಖನದ ನಿಲುವು.

ಕರ್ನಾಟಕದ ನಿದರ್ಶನ

ಭಾರತದಲ್ಲಿ ಈ ರೋಗವನ್ನು ವಾಸುದೇವ ಮತ್ತು ಸ್ಯಾಮ್ ರಾಜ್ 1948ರಲ್ಲಿ ವರದಿ ಮಾಡಿದರು. ಬಹುಕಾಲ ಅದರ ಕಾರಕಕ್ಕೆ ಒಂದೇ ಹೆಸರು ಸಾಕಾಗಿತ್ತು. ಜೀನೋಮ್ ಓದತೊಡಗಿದ ಮೇಲೆ ಆ ಒಂದು ಹೆಸರು ಒಡೆದು, ಸಿಕ್ಕ ಸ್ಥಳದ ಹೆಸರು ಹೊತ್ತ ಹಲವು ವೈರಸ್‌ಗಳಾದವು. ನ್ಯೂಡೆಲ್ಲಿ ವೈರಸ್ಸಿಗೆ ಎರಡು ಡಿಎನ್‌ಎ ವೃತ್ತಗಳಿದ್ದರೆ, ಬೆಂಗಳೂರು ವೈರಸ್ಸಿಗೆ ಒಂದೇ. ಬೆಂಗಳೂರಿನಿಂದಲೇ ದೊರೆತ ಇನ್ನೊಂದು, ‘ಕರ್ನಾಟಕ ವೈರಸ್’, ಬೇರೆ ಬೇರೆ ವೈರಸ್‌ಗಳ ತುಂಡು ಬೆರೆತು ಹುಟ್ಟಿದಂತಿದೆ ಎಂದು 2002ರಲ್ಲಿ ‘ಫೈಟೋಪೆಥಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ಗಿಡಕ್ಕೆ ಎರಡು ವೈರಸ್ ಹೊಕ್ಕರೆ ಇಂಥ ಬೆರಕೆಗೆ ದಾರಿಯಾಗುತ್ತದೆ.

ಗುರುತಿಸುವ ಬಗೆ

ಮಡಚಿದ ಚಿಗುರೆಲೆಯಿಂದ ಡಿಎನ್‌ಎ ತೆಗೆದು ಪಿಸಿಆರ್ ಮಾಡುವುದು ಮೊದಲ ಹೆಜ್ಜೆ. ಆದರೆ ಪ್ರೈಮರ್‌ಗೆ ಗೊತ್ತಿರುವುದನ್ನಷ್ಟೇ ಪಿಸಿಆರ್ ಹಿಡಿಯುತ್ತದೆ. ವೃತ್ತಾಕಾರದ ಡಿಎನ್‌ಎಯನ್ನು ಉರುಳುವೃತ್ತ ವರ್ಧನೆಯಿಂದ ಹೆಚ್ಚಿಸಿದರೆ ಅಪರಿಚಿತ ವೈರಸ್ಸೂ ಬಲೆಗೆ ಬೀಳುತ್ತದೆ. ಹೀಗೆ ದೊರೆತ ಡಿಎನ್‌ಎಯ ಸುಮಾರು 2,700 ಬೇಸ್‌ಗಳ ಪೂರ್ಣ ಸರಣಿ ತಿಳಿದಿರುವ ಯಾವ ಪ್ರಭೇದದೊಂದಿಗೂ ಶೇ. 91ರಷ್ಟು ಹೋಲದಿದ್ದರೆ ಅದು ಹೊಸ ಪ್ರಭೇದ. 2008ರಲ್ಲಿ ಶೇ. 89 ಇದ್ದ ಈ ಗಡಿ 2015ರಲ್ಲಿ ಬದಲಾಯಿತು. ‘ಹೊಸತು’ ಎಂಬುದು ಭಾಗಶಃ ವಿದ್ವಾಂಸರ ಒಪ್ಪಂದವೂ ಹೌದು.

ಸರಣಿ ಸಿಕ್ಕರೆ ರೋಗಕಾರಕ ಸಿಕ್ಕಿತೆಂದಲ್ಲ. ಆ ಡಿಎನ್‌ಎಯನ್ನು ಅಗ್ರೋಬ್ಯಾಕ್ಟೀರಿಯಂ ಮೂಲಕ ಆರೋಗ್ಯವಂತ ಸಸಿಗೆ ಸೇರಿಸಿದಾಗ ಸಸಿ ಮುಟುರಬೇಕು; ಆ ಸಸಿಯಿಂದ ಅದೇ ವೈರಸ್ ಮತ್ತೆ ದೊರೆಯಬೇಕು. ಈ ವಿಧಾನಕ್ಕೆ ಇನ್ನೊಂದು ಮಿತಿಯೂ ಇದೆ: ಥ್ರಿಪ್ಸ್ ಹರಡುವ, ಶೇಂಗಾದಲ್ಲೂ ಟೊಮೆಟೊದಲ್ಲೂ ಮೊಗ್ಗು ಒಣಗಿಸುವ ನೆಕ್ರೋಸಿಸ್ ವೈರಸ್ ಆರ್‌ಎನ್‌ಎಯದ್ದು. ಡಿಎನ್‌ಎ ಹುಡುಕುವ ವಿಧಾನಕ್ಕೆ ಅದು ಕಾಣದು.

ಸಮಾರೋಪ

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಕ್ರಾಂತಿ, ನಂದಿ, ವೈಭವ ತಳಿಗಳು ಎಲೆ ಮುಟುರು ತಡೆಯಲೆಂದೇ ಬಂದವು. ಇಂಥ ತಳಿಯನ್ನು ಪರೀಕ್ಷಿಸುವಾಗ ಯಾವ ವೈರಸ್ ಎದುರು ಪರೀಕ್ಷಿಸಿದೆವೆಂಬುದನ್ನು ದಾಖಲಿಸದಿದ್ದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಹೊಸ ವೈರಸ್ ಹುಡುಕುವವರು ಟೊಮೆಟೊ ಎಲೆಯಷ್ಟೇ ತಂದರೆ ಸಾಲದು. ಅದೇ ವೈರಸ್‌ಗಳು ಅಡಗಿರಬಹುದಾದ ಬದುವಿನ ಕಾಂಗ್ರೆಸ್ ಕಸವನ್ನೂ (ಪಾರ್ಥೇನಿಯಂ) ಪಕ್ಕದ ಮೆಣಸಿನ ಗಿಡವನ್ನೂ ಚೀಲಕ್ಕೆ ಹಾಕಿಕೊಳ್ಳಬೇಕು.